ಕೈ ನಿಂತ ಜಾಗ

ಸೋಮವಾರ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ
ಜವರಮ್ಮನ ಬಲಗೈ
ಎದೆಗೂ ಹೊಟ್ಟೆಗೂ ನಡುವೆ ನಿಂತುಬಿಟ್ಟಿತು.

ಅವಳು ತಿ. ನರಸೀಪುರದ ಆಸ್ಪತ್ರೆಯ ಬೆಂಚಿನ ಮೇಲೆ,
ನಾನು ಸರಸ್ವತಿಪುರಂ ಹನ್ನೊಂದನೇ ಮೇನಿನ ಮಹಡಿಯಲ್ಲಿ,
ನಡುವೆ ಒಂದು ಪರದೆ,
ಪರದೆಯೊಳಗೆ ಸುಮ್ಮನೆ ತಿರುಗುವ ಸಣ್ಣ ಬಳೆ.
ಡಾಕ್ಟರ ದನಿ ಮಾತ್ರ ಸಲೀಸಾಗಿ ಬರುತ್ತಿತ್ತು:
"ಕೇಳಿ ಮೇಡಂ, ನೋವು ಎಲ್ಲಿ ಅಂತ ಕೇಳಿ."
ಕೇಳಿದ್ದೆ. ಅವಳು ಹೇಳಿಯೂ ಇದ್ದಳು.
ಹೇಳಿದ್ದು ಮೋಡೆಮ್ಮಿನ ಹೊಟ್ಟೆಯಲ್ಲಿತ್ತು.

ದನಿ ತುಂಡಾದರೆ
ಹಿಂದುಮುಂದು ಸೇರಿಸಿ ಹೊಲಿಯಬಹುದು.
ಕೈಮಾತು ತುಂಡಾದರೆ
ಉಳಿಯುವುದು ಬರೀ ಕೈ.

ಈ ಲೈನು ಬಂದದ್ದು ತೊಂಬತ್ತೊಂದರಲ್ಲಿ,
ನಮ್ಮತ್ತೆ ಆರು ವರ್ಷ ಕಾದು ಪಡೆದದ್ದು;
ಬಂದ ದಿನ ಬೀದಿಗೆಲ್ಲ ಒಬ್ಬಟ್ಟು ಹಂಚಿದ್ದರಂತೆ.
"ಹಲೋ" ಅನ್ನಲೆಂದೇ ಎಳೆದ ಜೋಡಿ ತಾಮ್ರ.
ಗ್ಯಾಸಿನವನ, ಮದುವೆ ದಲ್ಲಾಳಿಯ, ರಾಂಗ್ ನಂಬರಿನ
ದನಿ ಹೊತ್ತು ಅಭ್ಯಾಸವಾದ ಬೆನ್ನು.
ಅದರ ಮೇಲೆ ನಾನು ಎರಡು ಮುಖ, ನಾಲ್ಕು ಕೈ,
ಇಪ್ಪತ್ತು ಬೆರಳು ಹೇರಿದೆ.
ಮೋಡ ಕವಿದರೆ ಕರಕರ.
ಕೆಳಗಿನ ಮನೆಯವರು ಮಿಕ್ಸಿ ಹಾಕಿದರೆ ಹಸಿರು ದೀಪ ಕೆಂಪಿಗೆ.
ಲೈನ್‌ಮನ್ ಪುಟ್ಟಮಾದಯ್ಯ ಕೊನೆಯ ಸಲ ಬಂದಾಗ
ಕಂಬದ ಡಬ್ಬಿ ತೆರೆದು, ಊದಿ, ಇರುವೆ ಕೊಡವಿ ಹೇಳಿದರು:
"ಅಕ್ಕೋ, ಜಾಯಿಂಟಿನ್ ಮ್ಯಾಲೆ ಜಾಯಿಂಟು,
ತಂತಿಗಿಂತ ಟೇಪೇ ಜಾಸ್ತಿ ಅದೆ.
ಇನ್ನು ನನ್ನ ಕರೀಬೇಡಿ, ನಾಡಿದ್ದು ರಿಟೈರು."

ಬುಧವಾರ ಬಂದ ಹುಡುಗ ಇಮ್ದಾದ್, ಉದಯಗಿರಿಯವನು.
ಹಳೇ ತೂತಿನ ಪಕ್ಕ ಇನ್ನೊಂದು ತೂತು ಕೊರೆದ.
ಗೋಡೆಗೆ ಈಗ ಎರಡು ಕಣ್ಣು, ಒಂದಕ್ಕೆ ಪೊರೆ.
ತಂದದ್ದು ಕೂದಲೆಳೆಯಂಥ ಗಾಜು.
ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ಕತ್ತರಿಸಿ,
ಪುಟ್ಟ ಯಂತ್ರದೊಳಗೆ ತುದಿಗೆ ತುದಿ ಇಟ್ಟು ಬೆಸೆಯುವಾಗ
ಉಸಿರು ಬಿಗಿಹಿಡಿದಿದ್ದ; ನಾನೂ.
"ಬಗ್ಗಿಸ್ಬೇಡಿ ಮೇಡಂ, ಮೊಳೆಗೆ ಸುತ್ಬೇಡಿ,
ತುದಿಗೆ ಕಣ್ಣಿಡ್ಬೇಡಿ. ಕಾಣಲ್ಲ, ಆದ್ರೂ ಸುಡ್ತದೆ."
ಪರೀಕ್ಷೆಗೆಂದು ಬೀದಿಯ ಕೊನೆಯಿಂದ ಕೆಂಪು ಬೆಳಕು ಬಿಟ್ಟ.
ಅದು ಹೊಂಗೆಮರ ದಾಟಿ, ನಾಲ್ಕು ಕಂಬ ದಾಟಿ
ನನ್ನ ಅಂಗೈಯಲ್ಲಿ ಬಂದು ಕೂತಿತು,
ಸಾಸಿವೆಯಷ್ಟು.

ತಾಮ್ರ ಕಿವಿಯ ಜಾತಿ.
ಇದು ಕಣ್ಣಿನದು.
ಹದಿನಾಲ್ಕು ತಿಂಗಳು ಜವರಮ್ಮನನ್ನು ನಾನು
ಕಿವಿಯ ದಾರಿಯಲ್ಲಿ ನಡೆಸಿದ್ದೆ.

ಹಳೇ ಫೋನನ್ನು ಒಪ್ಪಿಸುವ ಮುಂಚೆ ಒಮ್ಮೆ ಎತ್ತಿದೆ:
ಯಾರೂ ಕೇಳದ ಪ್ರಶ್ನೆಗೆ
ಒಂದೇ ಸಮನೆ ಹೂಂ ಅನ್ನುತ್ತಿತ್ತು.
ತಂತಿ ಕೆಳಗಿನ ಮನೆಯವರಿಗೆ ಬಸಳೆಬಳ್ಳಿ ಕಟ್ಟಲು ಬೇಕಂತೆ. ಕೊಟ್ಟೆ.

ಇವತ್ತು ಮತ್ತೆ ಸೋಮವಾರ.
ಬಳೆ ತಿರುಗಲಿಲ್ಲ.
ತೋರುಬೆರಳ ತುದಿಯ ಸುಣ್ಣದ ಕಲೆ,
ರವಿಕೆಯ ತೋಳಿಗೆ ಸಿಕ್ಕಿಸಿದ ಪಿನ್ನು,
ಮಾತಿನ ಕೊನೆಗೆ ಹುಬ್ಬು ಒಂದಿಷ್ಟು ಮೇಲೇಳುವುದು,
ಎಲ್ಲ ಬಂತು.
ಹುಬ್ಬು!
ಅಲ್ಲಿ ಹುಬ್ಬೆಂದರೆ ಪ್ರಶ್ನೆ.
ಇಷ್ಟು ದಿನ ಆ ಹುಬ್ಬು ದಾರಿಯಲ್ಲೇ ಉದುರಿಹೋಗಿ
ಡಾಕ್ಟರಿಗೆ ನಾನು ದಾಟಿಸಿದ್ದು: "ಮಾತ್ರೆ ಸಾಕು" ಅಂತಾಳೆ.
ಅವಳು ಕೇಳುತ್ತಿದ್ದದ್ದು: "ಮಾತ್ರೆ ಸಾಕಾ?"

ತಪ್ಪು ನನ್ನದು, ಊಹಿಸಿ ಹೇಳಿಬಿಟ್ಟಿದ್ದೆ ಅಂದೆ.
ಅವರು ಬರೆಯುತ್ತಲೇ, "ಹೋಗ್ಲಿ ಬಿಡಿ, ನೆಟ್‌ವರ್ಕು" ಅಂದರು.
ಅದನ್ನು ಜವರಮ್ಮನಿಗೆ ದಾಟಿಸಬೇಕಿತ್ತು.
ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.
ಎತ್ತಿದೆ.
ಎದೆಗೂ ಹೊಟ್ಟೆಗೂ ನಡುವೆ
ನಿಂತುಬಿಟ್ಟಿತು.

ಲೈನು ಚೆನ್ನಾಗಿಯೇ ಇತ್ತು.